ದೂರದ ಗುರಿಗೆ ಮೊದಲ ಬೋಲ್ಟ್ ಆಕ್ಷನ್ ರೈಫಲ್: ಬೆಂಗಳೂರಿನಲ್ಲಿದ್ದು ಯಾವುದು ತಗೋಬೇಕು?

ಜಯನಗರ_ಹೊಸಬ
ಎಲ್ಲರಿಗೂ ನಮಸ್ಕಾರ. 10 ಮೀಟರ್ ಏರ್ ರೈಫಲ್ ಕೈಗೆ ಕೂತಿದೆ, ಈಗ ಸ್ವಂತಕ್ಕೊಂದು ಒಳ್ಳೇ ಬೋಲ್ಟ್ ಆಕ್ಷನ್ (ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯೋ) ರೈಫಲ್ ಬೇಕು. ಬರೀ ಕಾಗದದ ಗುರಿಗೆ. .308 (ಇಂಚಿನಲ್ಲಿ ಗುಂಡಿನ ಅಗಲ) ತಗೊಂಡ್ರೆ 300 ಮೀಟರೂ ಆಯ್ತು, ಅದರಾಚೆನೂ ಆಯ್ತು ಅಂತ ಎಲ್ಲ ಕಡೆ ಬರೆದಿರ್ತಾರೆ. ಅದೇ ಸರಿನಾ? ದುಡ್ಡನ್ನ ರೈಫಲ್‌ಗೆ ಎಷ್ಟು, ಸ್ಕೋಪ್‌ಗೆ ಎಷ್ಟು ಅಂತ ಹಂಚೋದು? ಸೆಕೆಂಡ್ ಹ್ಯಾಂಡ್ ತಗೋಬಹುದಾ?

ವಿಜಯನಗರ_ಕಡತ
.308 ಆಸೆ ಮೊದಲು ಬಿಡಿ. ಅದು ಅಮೆರಿಕದವರಿಗೆ ಬರೆದ ಸಲಹೆ. ನಮ್ಮ 2016ರ ಆಯುಧ ನಿಯಮಗಳ ಮೊದಲ ಅನುಸೂಚಿ ಪ್ರಕಾರ, ಸೇನೆಯ .303 ಅಥವಾ 7.62 ಮಿ.ಮೀ. ತೋಟಾ ಕೂತು ಹಾರುವಂಥ ಬೋಲ್ಟ್ ಆಕ್ಷನ್ ರೈಫಲ್ ನಿರ್ಬಂಧಿತ ವರ್ಗಕ್ಕೆ ಸೇರುತ್ತೆ. .308 ವಿಂಚೆಸ್ಟರ್ ಚೇಂಬರಿನಲ್ಲಿ (ಬ್ಯಾರೆಲ್ ಹಿಂದೆ ತೋಟಾ ಕೂರೋ ಗೂಡು) ಸೇನೆಯ 7.62×51 ಸಲೀಸಾಗಿ ಕೂರುತ್ತೆ. ಅಲ್ಲಿಗೆ ಮುಗೀತು, ಸಾಮಾನ್ಯ ಅರ್ಜಿಗೆ ಸಿಗೋ ಲೈಸೆನ್ಸ್‌ನಲ್ಲಿ ಅದು ಬರಲ್ಲ. ಕಡಿಮೆ ವೇಗದ .22 ರಿಮ್‌ಫೈರ್ (ಕೇಸಿನ ಅಂಚಿಗೆ ಪಿನ್ ಬಡಿದು ಹಾರೋ) ರೈಫಲ್ ಅದೇ ಅನುಸೂಚಿಯ ಮೂರನೇ ವರ್ಗದಲ್ಲಿದೆ, ಅರ್ಜಿ ನಮೂನೆ ಎ-1.

ಮೊದಲು ಲೈಸೆನ್ಸ್, ಆಮೇಲೆ ರೈಫಲ್. ಮುಂಗಡ ಕೊಟ್ಟು ಸಿಕ್ಕಿಹಾಕ್ಕೊಳ್ಳಬೇಡಿ. ನಗರ ವ್ಯಾಪ್ತಿಯಲ್ಲಿ ಲೈಸೆನ್ಸ್ ಕೊಡೋದು ಪೊಲೀಸ್ ಆಯುಕ್ತರು. 2019ರ ತಿದ್ದುಪಡಿ ಆದಮೇಲೆ ಲೈಸೆನ್ಸ್ ಅವಧಿ 5 ವರ್ಷ, ಒಬ್ಬರ ಹೆಸರಲ್ಲಿ 2 ಆಯುಧ ಮಾತ್ರ. ಸಾಧನೆ ತೋರಿಸಿದ ಕ್ರೀಡಾಪಟುಗಳಿಗೆ ರಿಯಾಯಿತಿ ಇದೆ, ಅದು ಅವರವರ ದರ್ಜೆ ಮೇಲೆ. ಇರೋದೇ ಎರಡು ಜಾಗ ಅಂದಮೇಲೆ ಮೊದಲನೇದನ್ನ ತಪ್ಪಾಗಿ ತುಂಬಿಸ್ಕೊಂಡ್ರೆ ಸರಿಪಡಿಸೋಕೆ ವರ್ಷಗಟ್ಟಲೆ ಹಿಡಿಯುತ್ತೆ.

ಇನ್ನೊಂದು ವಿಷಯ ಹೆಚ್ಚಿನವರು ಕೊನೇಲಿ ನೋಡ್ತಾರೆ. ಒಮ್ಮೆಗೆ ಎಷ್ಟು ತೋಟಾ, ವರ್ಷಕ್ಕೆ ಎಷ್ಟು ಅಂತ ಎರಡು ಸಂಖ್ಯೆ ಲೈಸೆನ್ಸ್ ಪುಸ್ತಕದಲ್ಲೇ ಇರುತ್ತೆ. ಒಂದು ಸೆಷನ್‌ಗೆ 60ರಿಂದ 80 ತೋಟಾ, ವಾರಕ್ಕೆ ಎರಡು ಸೆಷನ್ ಅಂದ್ರೆ ವರ್ಷಕ್ಕೆ 6,000ದಿಂದ 8,000. ಅರ್ಜಿಯಲ್ಲಿ ಉದ್ದೇಶ ಗುರಿ ಅಭ್ಯಾಸ ಅಂತಲೇ ಬರೀರಿ, ಕ್ಲಬ್ ಸದಸ್ಯತ್ವ, ಸ್ಕೋರ್ ಹಾಳೆ ಲಗತ್ತಿಸಿ. ಆತ್ಮರಕ್ಷಣೆ ಅಂತ ಬರೆದು ಆಮೇಲೆ ಸಾವಿರಗಟ್ಟಲೆ ತೋಟಾ ಕೇಳಿದ್ರೆ ಯಾರೂ ಕೊಡಲ್ಲ.

ಬಸವನಗುಡಿ_ಗುರಿಕಾರ
ದೂರ ಅನ್ನೋದನ್ನ ಮೀಟರ್‌ನಲ್ಲಿ ಅಳೀಬೇಡಿ, ಕೋನದಲ್ಲಿ ಅಳೀರಿ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಐಎಸ್‌ಎಸ್‌ಎಫ್‌ನ 50 ಮೀಟರ್ ಗುರಿಯ ಹತ್ತರ ವೃತ್ತ 10.4 ಮಿ.ಮೀ. ಅಗಲ, ಕೋನದಲ್ಲಿ ಅದು 0.7 ಎಂಒಎ (ಒಂದು ಎಂಒಎ ಅಂದ್ರೆ ಡಿಗ್ರಿಯ ಅರವತ್ತನೇ ಒಂದು ಭಾಗ). 300 ಮೀಟರ್ ಗುರಿಯ ಹತ್ತರ ವೃತ್ತ 100 ಮಿ.ಮೀ., ಅಂದ್ರೆ 1.15 ಎಂಒಎ. ಹತ್ತಿರದ ಗುರಿಯೇ ಹೆಚ್ಚು ಬಿಗಿ. 50 ಮೀಟರಿನಲ್ಲಿ ಹತ್ತು ಹೊಡೆಯೋ ಕೈ, ಗಾಳಿ ಓದೋಕೆ ಬಂದರೆ 300ಕ್ಕೂ ಸಾಲುತ್ತೆ.

ಗಾಳಿ ಓದೋದನ್ನ ಕಲಿಸೋದಕ್ಕೆ .22ಗಿಂತ ಒಳ್ಳೇ ಮೇಷ್ಟ್ರು ಇಲ್ಲ. 40 ಗ್ರೇನ್ (2.6 ಗ್ರಾಂ) ಸೀಸ, ಸೆಕೆಂಡಿಗೆ 325 ಮೀಟರ್ ಆಸುಪಾಸು ವೇಗ. 50 ಮೀಟರಿಗೆ ಝೀರೋ ಮಾಡಿದ (ಗುರಿಯಿಟ್ಟಲ್ಲೇ ಗುಂಡು ಬೀಳೋ ಹಾಗೆ ಸೈಟ್ ಹೊಂದಿಸಿದ) ರೈಫಲ್‌ನಲ್ಲಿ 100 ಮೀಟರಿಗೆ ಗುಂಡು 20ರಿಂದ 22 ಸೆಂ.ಮೀ. ಕೆಳಗೆ ಬೀಳುತ್ತೆ. 200 ಮೀಟರಿಗೆ ಒಂದೂವರೆ ಮೀಟರಿಗೂ ಕೆಳಗೆ. ಅಡ್ಡಗಾಳಿ ಸೆಕೆಂಡಿಗೆ ಒಂದೇ ಒಂದು ಮೀಟರ್ ಇದ್ದರೂ 100 ಮೀಟರಿನಲ್ಲಿ 2 ಸೆಂ.ಮೀ. ಪಕ್ಕಕ್ಕೆ ಒಯ್ಯುತ್ತೆ. ಕೆನ್ನೆಗೆ ಸೋಕಿದರೂ ಗೊತ್ತಾಗದಷ್ಟು ಗಾಳಿ ಅದು. 200 ಮೀಟರಿನ .22 ಅಂದರೆ ಪಾಠದ ಲೆಕ್ಕದಲ್ಲಿ .308ರಂಥ ದೊಡ್ಡ ಬೋರಿನ 700, 800 ಮೀಟರ್ ಇದ್ದ ಹಾಗೆ.

ನನ್ನ ಮಾತು ಇಷ್ಟೇ: ಮೊದಲನೇದು ಭಾರದ ಬ್ಯಾರೆಲ್ಲಿನ .22 ಬೋಲ್ಟ್ ಆಕ್ಷನ್.

ಹೆಬ್ಬಾಳ_ದೂರಗುರಿ
ಗುರುಗಳೇ, ಪೂರ್ತಿ ಒಪ್ಪಲ್ಲ. .22ರಲ್ಲಿ ಹಿಂದೊದೆತ ಇಲ್ಲ. ದೊಡ್ಡ ಬೋರಿನಲ್ಲಿ ಹೊಸಬರು ಸೋಲೋದೇ ಅಲ್ಲಿ: ಭುಜ ಸರಿಯಾಗಿ ಕೊಡಲ್ಲ, ಟ್ರಿಗರ್ ಎಳೆಯೋ ಮುಂಚೆನೇ ಬೆದರ್ತಾರೆ. 6.5 ಕ್ರೀಡ್‌ಮೂರ್ 2007ರಿಂದ ಇದೆ, 140 ಗ್ರೇನ್ ಗುಂಡು 820 ಮೀಟರ್ ವೇಗ, ಹಿಂದೊದೆತ .308ಗಿಂತ ಕಡಿಮೆ, ಸೇನೆಯ ತೋಟಾ ಅದರಲ್ಲಿ ಕೂರಲ್ಲ. ಕಲಿಯೋದಾದ್ರೆ ಅದರಲ್ಲೇ ಯಾಕೆ ಕಲೀಬಾರದು?

ಬಸವನಗುಡಿ_ಗುರಿಕಾರ
ಹಿಂದೊದೆತದ ಮಾತು ನಿಜ, .22 ಅದನ್ನ ಕಲಿಸಲ್ಲ. ಆದರೆ ಮೂರು ಅಡ್ಡಿ ನೋಡಿ. ಒಂದು, ದೊಡ್ಡ ಬೋರಿನ ರೇಂಜ್‌ಗಳು ಹೆಚ್ಚಾಗಿ ಸೇನೆ, ಪೊಲೀಸ್, ಅರೆಸೇನಾ ಪಡೆಗಳ ಕೈಯಲ್ಲಿವೆ. ವಾರಕ್ಕೆರಡು ಸಲ ಹೋಗಿ ಮಲಗಿ ಹೊಡೆಯೋ ಜಾಗ ನಾಗರಿಕರಿಗೆ ಸುಲಭಕ್ಕೆ ಸಿಗಲ್ಲ. ಎರಡು, ತೋಟಾ. ಆಮದಿನ ಮ್ಯಾಚ್ ತೋಟಾ ನಿಯಮಿತವಾಗಿ ಸಿಗದಿದ್ದರೆ ಆ ರೈಫಲ್ ಕಪಾಟಿನಲ್ಲೇ ಇರುತ್ತೆ. ಮೂರು, ಬ್ಯಾರೆಲ್. 6.5 ಕ್ರೀಡ್‌ಮೂರ್ ಬ್ಯಾರೆಲ್ 2,000ದಿಂದ 3,000 ಗುಂಡಿಗೆ ನಿಖರತೆ ಕಳ್ಕೊಳ್ಳುತ್ತೆ. .22 ಬ್ಯಾರೆಲ್ ಹತ್ತಾರು ಸಾವಿರ ಗುಂಡು ತಾಳುತ್ತೆ. ಕಲಿಯೋ ಕಾಲದಲ್ಲಿ ಬ್ಯಾರೆಲ್ ಸವೆಸೋದು ನಷ್ಟ.

ಇಲ್ಲೇ, ಸರ್ಕಾರಿ ಈಶಾಪುರ ಕಾರ್ಖಾನೆಯಲ್ಲಿ ತಯಾರಾದ .315, .30-06 ಬಗ್ಗೆನೂ ಯಾರಾದರೂ ಕೇಳ್ತಾರೆ. ತೆಳು ಬ್ಯಾರೆಲ್, ಸಾಧಾರಣ ಟ್ರಿಗರ್, ತೆರೆದ ಸೈಟ್. ಗುರಿಸ್ಪರ್ಧೆಗೆ ಮಾಡಿದ ಆಯುಧ ಅದಲ್ಲ.

ಹೆಬ್ಬಾಳ_ದೂರಗುರಿ
ರೇಂಜ್ ವಿಷಯಕ್ಕೆ ಒಪ್ಪಿದೆ. ಹಾಗಿದ್ರೆ ಒಂದು ಸೇರಿಸ್ತೀನಿ: ಮುಂದೆ ದೊಡ್ಡ ಬೋರಿಗೆ ಹೋಗೋ ಮನಸ್ಸಿದ್ದರೆ ಅದೇ ಮೈಕಟ್ಟಿನ .22 ತಗೊಳ್ಳಿ. ಬರ್ಗಾರಾ ಬಿ-14ಆರ್ ರೆಮಿಂಗ್ಟನ್ 700ರ ಅಚ್ಚಿನದು, ಅದರ ಸ್ಟಾಕ್ (ಭುಜಕ್ಕಾನಿಸೋ ಹಿಡಿಭಾಗ), ಟ್ರಿಗರ್ ಇದಕ್ಕೂ ಹೊಂದುತ್ತೆ. ಟಿಕ್ಕಾ ಟಿ1ಎಕ್ಸ್ ಹಿಡಿದ ಕೈಗೆ ಟಿ3ಎಕ್ಸ್ ಹೊಸದು ಅನ್ನಿಸಲ್ಲ. ಬೋಲ್ಟ್ ಹಿಡಿ ಎಲ್ಲಿದೆ, ಸೇಫ್ಟಿ ಎಲ್ಲಿದೆ ಅಂತ ಬೆರಳಿಗೆ ಮತ್ತೆ ಕಲಿಸಬೇಕಾಗಲ್ಲ.

ಜಯನಗರ_ಹೊಸಬ
ಸರಿ, .22 ಅಂತಲೇ ಇಟ್ಕೊಳ್ತೀನಿ. ಇವುಗಳಲ್ಲಿ ಯಾವುದು? ಅನ್‌ಶುಟ್ಜ್ ಹೆಸರು ಎಲ್ಲರೂ ಹೇಳ್ತಾರೆ.

ಬಸವನಗುಡಿ_ಗುರಿಕಾರ
ಎರಡು ದಾರಿ ಇದೆ, ಎರಡನ್ನೂ ಒಂದೇ ರೈಫಲ್‌ನಲ್ಲಿ ಹಿಡಿಯೋಕೆ ಹೋಗಬೇಡಿ.

50 ಮೀಟರ್ ಪ್ರೋನ್ (ಮಲಗಿ), ತ್ರೀ ಪೊಸಿಷನ್ (ಮಂಡಿಯೂರಿ, ಮಲಗಿ, ನಿಂತು) ಸ್ಪರ್ಧೆ ನಿಮ್ಮ ದಾರಿಯಾದರೆ ಅನ್‌ಶುಟ್ಜ್ 54 ಆಕ್ಷನ್ (ಬೋಲ್ಟ್ ಓಡಾಡೋ ಉಕ್ಕಿನ ಭಾಗ): 1907, 1913, 2013. ವಾಲ್ಥರ್ ಕೆಕೆ500, ಫೈನ್‌ವರ್ಕ್‌ಬಾವ್ 2800 ಕೂಡ ಅದೇ ಸಾಲಿನವು. ಒಂದೊಂದೇ ತೋಟಾ ಕೈಯಲ್ಲಿ ಇಡೋದು, ಕಣ್ಣಿಗೆ ಡಯಾಪ್ಟರ್ ಸೈಟ್ (ಸಣ್ಣ ತೂತಿನ ಮೂಲಕ ನೋಡೋದು), ಸ್ಕೋಪ್ ಇಲ್ಲ. ಸ್ಪರ್ಧೆಯಲ್ಲಿ ರೈಫಲ್ ತೂಕ 8 ಕೆ.ಜಿ. ಮೀರಬಾರದು. ಇಲ್ಲಿ ನನ್ನ ಆಯ್ಕೆ ಹಳೇ 1907. ಐವತ್ತು ಮೀಟರಿಗೆ ಬೇಕಾದ ನಿಖರತೆ ಅದರಲ್ಲಿ ಪೂರ್ತಿ ಇದೆ. ಹೊಸ ಅಲ್ಯೂಮಿನಿಯಂ ಸ್ಟಾಕಿಗೆ ಕೊಡೋ ಹೆಚ್ಚುವರಿ ದುಡ್ಡು ಕೊಂಡುಕೊಳ್ಳೋದು ಹೊಂದಾಣಿಕೆಯನ್ನ, ನಿಖರತೆಯನ್ನಲ್ಲ.

ಸ್ಕೋಪ್ ಹಾಕಿ 50ರಿಂದ 200 ಮೀಟರ್ ಹೊಡೆಯೋದಾದರೆ ಸಿಝಡ್ 457 ಮ್ಯಾಚ್ ಟಾರ್ಗೆಟ್ ರೈಫಲ್, ಟಿಕ್ಕಾ ಟಿ1ಎಕ್ಸ್, ಬರ್ಗಾರಾ. ನಾನು 457 ಅನ್ನೇ ಹೇಳೋದು, ಅದರ ಚೇಂಬರ್ ಮ್ಯಾಚ್ ಅಳತೆಯದು. ಇಂಥ ಚೇಂಬರಿನಲ್ಲಿ ಗುಂಡಿನ ಮೂತಿ ಬ್ಯಾರೆಲ್ ಒಳಗಿನ ರೈಫ್ಲಿಂಗ್ ಗೀರಿಗೆ ಒತ್ತಿಕೊಂಡು ಕೂರುತ್ತೆ, ನಿಖರತೆ ಬರೋದು ಅದರಿಂದ. ಅದಕ್ಕೇ ಎರಡು ಎಚ್ಚರ. ಉದ್ದ ಕೇಸಿನ ಹೈ ವೆಲಾಸಿಟಿ ತೋಟಾ, ಉದಾಹರಣೆಗೆ ಸಿಸಿಐ ಸ್ಟಿಂಗರ್, ಇದರಲ್ಲಿ ಹಾಕಲೇಬಾರದು. ಹಾರಿಸದ ತೋಟಾವನ್ನ ಬೋಲ್ಟ್ ಎಳೆದು ತೆಗೆದಾಗ ಸೀಸ ಗೀರಲ್ಲೇ ಉಳಿದು ಬರೀ ಕೇಸ್ ಈಚೆ ಬರಬಹುದು, ಮದ್ದಿನ ಪುಡಿ ಆಕ್ಷನ್‌ನೊಳಗೆ ಚೆಲ್ಲುತ್ತೆ. ಆಗ ಇನ್ನೊಂದು ತೋಟಾ ಹಾಕದೆ ನಿಲ್ಲಿಸಿ, ರೇಂಜ್ ಅಧಿಕಾರಿಗೆ ಹೇಳಿ, ರಾಡ್‌ನಿಂದ ಸೀಸ ಹೊರಗೆ ತಳ್ಳಿಸಿ. ಮುಚ್ಚಿದ ಬ್ಯಾರೆಲ್ಲಿಗೆ ಮತ್ತೊಂದು ಗುಂಡು ಹಾರಿಸಿದ್ರೆ ಬ್ಯಾರೆಲ್ ಉಬ್ಬುತ್ತೆ.

ಹೈ ವೆಲಾಸಿಟಿ ತೋಟಾ ದೂರಕ್ಕೆ ಒಳ್ಳೇದು ಅನ್ನೋದೂ ತಪ್ಪು ತಿಳುವಳಿಕೆ. 380 ಮೀಟರ್ ವೇಗದಲ್ಲಿ ಹೊರಟ ಗುಂಡು ದಾರಿಯಲ್ಲೇ ಶಬ್ದವೇಗದ ಕೆಳಗೆ ಇಳಿಯುವಾಗ ಅಲುಗುತ್ತೆ, ಗಾಳಿಗೂ ಹೆಚ್ಚು ಸರಿಯುತ್ತೆ. ಮ್ಯಾಚ್ ತೋಟಾವನ್ನ ಶಬ್ದವೇಗಕ್ಕಿಂತ ಸ್ವಲ್ಪ ಕೆಳಗೆ ಇಟ್ಟಿರೋದು ಇದಕ್ಕೇ.

ವಿಜಯನಗರ_ಕಡತ
457ರ ಬ್ಯಾರೆಲ್ ಮನೇಲೇ ಬದಲಿಸಬಹುದು ಅಂತ ಮಾರಾಟಗಾರರು ಹೇಳ್ತಾರೆ. ನಮ್ಮ ಕಾಯ್ದೆಯಲ್ಲಿ ಬ್ಯಾರೆಲ್ಲೂ ಆಯುಧದ ಭಾಗವೇ. ಲೈಸೆನ್ಸ್‌ನಲ್ಲಿ ದಾಖಲಾಗದ ಇನ್ನೊಂದು ಬ್ಯಾರೆಲ್ ಮನೇಲಿದ್ರೆ ಅದು ಅಪರಾಧ.

ಮಲ್ಲೇಶ್ವರಂ_ಪ್ರೋನ್
ಎಲ್ಲರೂ ಬ್ಯಾರೆಲ್ ಬಗ್ಗೆನೇ ಮಾತಾಡ್ತಿದ್ದೀರಿ, ಸ್ಟಾಕ್ ಮೈಗೆ ಹೊಂದದಿದ್ರೆ ಬ್ಯಾರೆಲ್ ಏನು ಮಾಡುತ್ತೆ? ಕಾರ್ಖಾನೆ ಸ್ಟಾಕಿನಲ್ಲಿ ಟ್ರಿಗರ್‌ನಿಂದ ಬಟ್ ತುದಿವರೆಗೆ 34, 35 ಸೆಂ.ಮೀ. ಇರುತ್ತೆ. ಐದಡಿ ಎರಡಿಂಚಿನವರಿಗೆ ಅದು ಉದ್ದ. ಕುತ್ತಿಗೆ ಮುಂದಕ್ಕೆ ಚಾಚ್ತಾರೆ, 20 ಗುಂಡಿಗೆಲ್ಲ ಕತ್ತು ಹಿಡ್ಕೊಳ್ಳುತ್ತೆ, ಆಮೇಲೆ ಗುಂಡು ಮೇಲೆ ಕೆಳಗೆ ಹೋಗೋಕೆ ಶುರು. ಹಾಗಾಗಿ ಬಟ್‌ನಲ್ಲಿ ಸ್ಪೇಸರ್ ತೆಗೆದು ಹಾಕೋ ಹಾಗಿರ್ಬೇಕು, ಕೆನ್ನೆಪಟ್ಟಿ ಏರಿಸಿ ಇಳಿಸೋ ಹಾಗಿರ್ಬೇಕು.

ಪರೀಕ್ಷೆ ಸುಲಭ. ಬೋಲ್ಟ್ ತೆಗೆದು ಚೇಂಬರ್ ಖಾಲಿ ಅಂತ ಕಣ್ಣಲ್ಲೂ ಕಿರುಬೆರಳಲ್ಲೂ ನೋಡ್ಕೊಳ್ಳಿ. ಪ್ರೋನ್‌ನಲ್ಲಿ ಮಲಗಿ, ಕಣ್ಣು ಮುಚ್ಚಿ, ಕೆನ್ನೆಯನ್ನ ಪೂರ್ತಿ ಭಾರ ಬಿಟ್ಟು ಇಡಿ. ಮೂರು ಸಲ ಉಸಿರಾಡಿ ಕಣ್ಣು ಬಿಡಿ. ಸ್ಕೋಪಿನ ಪೂರ್ತಿ ವೃತ್ತ ನೆರಳಿಲ್ಲದೆ ಕಾಣಬೇಕು. ಕೆಳಗೆ ಕಪ್ಪು ಚಂದ್ರ ಕಂಡ್ರೆ ಕಣ್ಣು ತಗ್ಗಿನಲ್ಲಿದೆ, ಕೆನ್ನೆಪಟ್ಟಿ ಏರಿಸಿ. ಅಡ್ಡಗೂಟ (ಸ್ಕೋಪಿನ ಕ್ರಾಸ್‌ಹೇರ್) ಗುರಿಯಿಂದ ಪಕ್ಕಕ್ಕೆ ಸರಿದಿದ್ರೆ ಕೈಯಿಂದ ಎಳೀಬೇಡಿ, ಎಡಮೊಣಕೈ ಅಲ್ಲೇ ಇಟ್ಟು ಸೊಂಟ ಸರಿಸಿ. ಅಂಗಡಿಯಲ್ಲಿ ನಿಂತು ಭುಜಕ್ಕಿಟ್ಟು ನೋಡಿದ್ರೆ ಇದ್ಯಾವುದೂ ಗೊತ್ತಾಗಲ್ಲ. ಮಲಗಿ ನೋಡೋಕೆ ಬಿಡದ ಕಡೆ ಕೊಳ್ಳಬೇಡಿ.

ಟ್ರಿಗರ್ ಎರಡು ಹಂತದ್ದು ತಗೊಳ್ಳಿ, ಶುರುವಿಗೆ 500ರಿಂದ 800 ಗ್ರಾಂ. ತೀರಾ ಹಗುರ ಮಾಡ್ಕೊಂಡ್ರೆ ಬೆರಳು ಸೋಕಿದಾಗಲೇ ಹಾರುತ್ತೆ. ಹೊಂದಿಸಿದ ಮೇಲೆ ಖಾಲಿ ರೈಫಲ್ ಕಾಕ್ ಮಾಡಿ ಬಟ್ಟನ್ನ ರಬ್ಬರ್ ಚಾಪೆ ಮೇಲೆ ಗಟ್ಟಿಯಾಗಿ ಐದಾರು ಸಲ ಕುಟ್ಟಿ. ಒಂದು ಸಲ ಪಿನ್ ತಾನಾಗಿ ಬಿದ್ರೂ ಟ್ರಿಗರ್ ಸ್ಕ್ರೂ ಹಿಂದಕ್ಕೆ ತಿರುಗಿಸಿ.

ಜಯನಗರ_ಹೊಸಬ
ಮೇಡಂ, ಇದು ಯಾರೂ ಹೇಳಿರಲಿಲ್ಲ. ಸ್ಕೋಪ್ ದಾರಿನೇ ನನ್ನದು, 50ರಿಂದ 200. ಸ್ಕೋಪ್ ಬಗ್ಗೆ ಹೇಳಿ.

ಹೆಬ್ಬಾಳ_ದೂರಗುರಿ
ಇದು ನನ್ನ ಪಾಲಿಗಿರಲಿ.

ಹಂಚಿಕೆ: ನೂರು ರೂಪಾಯಲ್ಲಿ ರೈಫಲ್‌ಗೆ 50, ಸ್ಕೋಪ್ ಮೌಂಟ್ ಸೇರಿ 25, ಮೊದಲ ವರ್ಷದ ತೋಟಾಗೆ 25. ಕೊನೇ 25 ಎತ್ತಿಡದೆ ಪೂರ್ತಿ ದುಡ್ಡು ಸ್ಕೋಪಿಗೆ ಸುರಿದವರು ತಿಂಗಳಿಗೊಂದು ಸಲ ರೇಂಜಿಗೆ ಬರ್ತಾರೆ.

ಸ್ಕೋಪ್‌ನಲ್ಲಿ ಮೊದಲು ನೋಡೋದು ಪ್ಯಾರಲಾಕ್ಸ್ ಗುಬುಟು 25 ಮೀಟರಿಗಾದ್ರೂ ಇಳಿಯುತ್ತಾ ಅಂತ. 100 ಗಜಕ್ಕೆ ಖಾಯಂ ಮಾಡಿದ ಸ್ಕೋಪ್ 50 ಮೀಟರಿನಲ್ಲಿ ಮೋಸ ಮಾಡುತ್ತೆ, ತಲೆ ಸ್ವಲ್ಪ ಸರಿದ್ರೂ ಅಡ್ಡಗೂಟ ಗುರಿ ಮೇಲೆ ಓಡಾಡುತ್ತೆ. ಎರಡನೇದು ಎತ್ತರ ತಿರುಗಿಸೋ ಜಾಗ. 50ರ ಝೀರೋದಿಂದ 200 ಮೀಟರಿಗೆ 25 ಎಂಒಎಗೂ ಹೆಚ್ಚು ಬೇಕು. ಒಟ್ಟು 60 ಎಂಒಎ ಇರೋ ಸ್ಕೋಪ್ ಸಪಾಟು ಮೌಂಟ್ ಮೇಲಿದ್ರೆ ಮೇಲಕ್ಕೆ ಸಿಗೋದು ಅರ್ಧ, 30. ಅಂಚಿಗೆ ಬಂದು ನಿಲ್ಲುತ್ತೆ. 20 ಎಂಒಎ ಇಳಿಜಾರಿನ ರೈಲ್ ಹಾಕಿದ್ರೆ ನಿರಾಳ. ಕ್ಲಿಕ್ ಮಿಲ್‌ನಲ್ಲಿರಲಿ: 0.1 ಮಿಲ್ ಅಂದ್ರೆ 100 ಮೀಟರಿಗೆ ಸರಿಯಾಗಿ 1 ಸೆಂ.ಮೀ., 50ಕ್ಕೆ ಅರ್ಧ. ತಲೇಲೇ ಲೆಕ್ಕ ಆಗುತ್ತೆ. ಝೂಮ್ 16ರಿಂದ 24 ಸಾಕು, ಅದರ ಮೇಲೆ ಬೆಂಗಳೂರಿನ ಮಾರ್ಚ್ ಬಿಸಿಲಲ್ಲಿ ಕಾಣೋದು ಕುದಿಯೋ ಬಿಸಿಗಾಳಿ ಮಾತ್ರ.

ಕೂರಿಸೋ ಕ್ರಮ: ರೈಲ್ ಮತ್ತು ರಿಂಗ್‌ಗಳ ಎಣ್ಣೆ ಪೂರ್ತಿ ಒರೆಸಿ. ಅತಿ ಹೆಚ್ಚು ಝೂಮ್‌ನಲ್ಲಿ, ಮಲಗಿಕೊಂಡು, ಸ್ಕೋಪ್ ಹಿಂದೆ ಮುಂದೆ ಜಾರಿಸಿ ಪೂರ್ತಿ ಚಿತ್ರ ಸಿಗೋ ಜಾಗ ಗುರುತಿಸಿ. ದೂರದಲ್ಲಿ ದಾರಕ್ಕೆ ತೂಕ ಕಟ್ಟಿ ಇಳಿಬಿಡಿ, ರೈಫಲ್ ಮಟ್ಟ ಮಾಡಿ, ನಿಂತ ಗೂಟವನ್ನ ಆ ದಾರಕ್ಕೆ ಹೊಂದಿಸಿ. ರಿಂಗ್ ಸ್ಕ್ರೂಗಳನ್ನ ಅಡ್ಡಡ್ಡವಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡ್ತಾ 1.7ರಿಂದ 2 ನ್ಯೂಟನ್ ಮೀಟರಿಗೆ ನಿಲ್ಲಿಸಿ, ಎರಡೂ ಕಡೆ ಸಂದು ಸಮ ಇರಲಿ. ಸ್ಕ್ರೂ ತಲೆಯಿಂದ ರಿಂಗಿಗೆ ಉಗುರುಬಣ್ಣದ ಒಂದು ಗೆರೆ ಎಳೀರಿ. ಗೆರೆ ಮುರಿದಿದ್ರೆ ಸ್ಕ್ರೂ ಸಡಿಲ ಆಗಿದೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ.

ರೈಫಲ್ 3 ಡಿಗ್ರಿ ವಾಲಿದ್ರೆ 200 ಮೀಟರಿಗೆ ಗುಂಡು 8ರಿಂದ 12 ಸೆಂ.ಮೀ. ಪಕ್ಕಕ್ಕೆ ಹೋಗುತ್ತೆ. ಜನ ಅದನ್ನ ಗಾಳಿ ಅಂದ್ಕೊಂಡು ಕ್ಲಿಕ್ ತಿರುಗಿಸ್ತಾ ಕೂರ್ತಾರೆ. ಸ್ಕೋಪ್ ಕೊಳವೆಗೆ ಸಣ್ಣ ರಸಮಟ್ಟ ಹಾಕ್ಕೊಳ್ಳಿ.

ಇನ್ನು ಗುಂಡಿನ ಹಾದಿ ಲೆಕ್ಕ ಹಾಕೋ ಬ್ಯಾಲಿಸ್ಟಿಕ್ ಆ್ಯಪ್ ಹಾಕ್ಕೊಳ್ಳೋರಿಗೆ: ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿನ ನಿಜವಾದ ವಾಯುಭಾರ 910 ಹೆಕ್ಟೊಪ್ಯಾಸ್ಕಲ್ ಆಸುಪಾಸು. ಫೋನಿನ ಹವಾಮಾನ 1,012 ಅಂತ ತೋರಿಸೋದು ಸಮುದ್ರಮಟ್ಟಕ್ಕೆ ಇಳಿಸಿದ ಲೆಕ್ಕ. ಅದನ್ನೇ ತುಂಬಿಸಿದ್ರೆ ಆ್ಯಪ್ ಗಾಳಿಯನ್ನ ಇರೋದಕ್ಕಿಂತ ದಟ್ಟ ಅಂತ ತಿಳಿಯುತ್ತೆ, ದೂರ ಹೋದಷ್ಟೂ ಗುಂಡು ಆ್ಯಪ್ ಹೇಳಿದ್ದಕ್ಕಿಂತ ಮೇಲೆ ಬೀಳುತ್ತೆ.

ಜಯನಗರ_ಹೊಸಬ
ಅಣ್ಣಾ, ಇದನ್ನ ಪ್ರಿಂಟ್ ತೆಗೆದು ಇಟ್ಕೊಳ್ತೀನಿ. ಹಳೇ ರೈಫಲ್ ಬಂದ್ರೆ ಏನೇನು ನೋಡೋದು?

ಬಸವನಗುಡಿ_ಗುರಿಕಾರ
ಬ್ಯಾರೆಲ್ ಮೇಲಿನ ಸಂಖ್ಯೆ, ರಿಸೀವರ್ ಸಂಖ್ಯೆ, ಮಾರುವವರ ಲೈಸೆನ್ಸ್‌ನಲ್ಲಿರೋ ಸಂಖ್ಯೆ ಮೂರೂ ಒಂದೇನಾ ಅಂತ ಮೊದಲು. ಒಂದಂಕಿ ಹೆಚ್ಚುಕಡಿಮೆ ಇದ್ರೂ ವಾಪಸ್ ಬನ್ನಿ.

ಆಮೇಲೆ ಬೋಲ್ಟ್ ತೆಗೆದು ಚೇಂಬರ್ ಬಾಯಿಯ ಅಂಚು ನೋಡಿ. ಖಾಲಿ ರೈಫಲ್ ಟ್ರಿಗರ್ ಬಹಳ ಎಳೆದಿದ್ರೆ ಫೈರಿಂಗ್ ಪಿನ್ ಆ ಅಂಚಿಗೆ ಬಡಿದು ಸಣ್ಣ ಕುಳಿ, ಕುಳಿಯ ಒಳಗಡೆ ಉಗುರಿಗೆ ತಾಗೋ ಏಣು ಮಾಡಿರುತ್ತೆ. ಖಾಲಿ ಕೇಸ್ ಹೊರಗೆ ಬರೋವಾಗ ಉದ್ದಕ್ಕೆ ಒಂದು ಗೀರು ಬಿದ್ದಿದ್ರೆ ಕಾರಣ ಅದೇ. ಮೂತಿಯ ಅಂಚನ್ನ ಭೂತಗನ್ನಡಿಯಲ್ಲಿ ಸುತ್ತಲೂ ನೋಡಿ, ಒಂದು ಕಡೆ ತರಚಿದ್ರೂ ಗುಂಡು ಅತ್ತ ಓಡುತ್ತೆ. ರಾಡ್‌ಗೆ ಬಿಗಿಯಾದ ಬಟ್ಟೆತುಂಡು ಹಾಕಿ ಚೇಂಬರ್ ಕಡೆಯಿಂದ ನಿಧಾನ ತಳ್ಳಿ. ಒಂದೇ ಬಿಗಿಯಲ್ಲಿ ಹೋಗಬೇಕು. ನಡುವೆ ಎಲ್ಲಾದರೂ ದಿಢೀರ್ ಸಡಿಲ ಆದ್ರೆ ಅಲ್ಲಿ ತುಕ್ಕು ತಿಂದಿದೆ ಅಥವಾ ಬ್ಯಾರೆಲ್ ಉಬ್ಬಿದೆ.

ಬೆಡ್ಡಿಂಗ್ (ಆಕ್ಷನ್ ಸ್ಟಾಕಿನಲ್ಲಿ ಕೂತ ರೀತಿ) ನೋಡೋಕೆ ಬೆರಳೇ ಸಾಕು. ಸ್ಟಾಕಿನ ಮುಂದಿನ ತುದಿಯಲ್ಲಿ ಬ್ಯಾರೆಲ್ಲಿಗೂ ಮರಕ್ಕೂ ಸೇರೋ ಹಾಗೆ ತೋರುಬೆರಳು ಇಟ್ಟು ಮುಂದಿನ ಆಕ್ಷನ್ ಸ್ಕ್ರೂ ಸಡಿಲಿಸಿ. ಏನೂ ಅಲುಗದಿದ್ರೆ ಸರಿ. ಬ್ಯಾರೆಲ್ ಮೇಲೆದ್ದ ಹಾಗೆ ಬೆರಳಿಗೆ ತಿಳಿದ್ರೆ ಆಕ್ಷನ್ ಬಾಗಿ ಕೂತಿದೆ, ಬೆಡ್ಡಿಂಗ್ ಮತ್ತೆ ಮಾಡಿಸಬೇಕು. ಬೆಲೆಯಲ್ಲಿ ಅಷ್ಟು ಕಳೀರಿ. ಅನ್‌ಶುಟ್ಜ್ 54ಕ್ಕೆ ಈ ಸ್ಕ್ರೂ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್, ಬೇರೆಯವಕ್ಕೆ ಅದರದರ ಕೈಪಿಡಿ ನೋಡಿ.

ಮಲ್ಲೇಶ್ವರಂ_ಪ್ರೋನ್
ತೋಟಾ ಲಾಟ್ (ಒಂದೇ ಸಲ ತಯಾರಾದ ಕಂತು) ಬಗ್ಗೆ ಯಾರೂ ಬರೆದಿಲ್ಲ. ಒಂದೇ ಹೆಸರಿನ ಎರಡು ಡಬ್ಬಿ ಒಂದೇ ರೈಫಲ್‌ನಲ್ಲಿ ಬೇರೆ ಬೇರೆ ಹೊಡೆಯುತ್ತೆ, ಯಾಕಂದ್ರೆ ಡಬ್ಬಿ ಮೇಲಿನ ಲಾಟ್ ಸಂಖ್ಯೆ ಬೇರೆ. ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್, ಲಾಪುವಾ ಸೆಂಟರ್-ಎಕ್ಸ್, ಏಲಿ ಮ್ಯಾಚ್, ಆರ್‌ಡಬ್ಲ್ಯೂಎಸ್ ಆರ್50, ಹೀಗೆ ನಾಲ್ಕೈದು ಲಾಟ್ ತಗೊಳ್ಳಿ, ಒಂದೊಂದು ಡಬ್ಬಿ, 50 ತೋಟಾ. ಬೆಂಚ್ ಮೇಲೆ ಮರಳುಚೀಲ ಹಾಕಿ, 50 ಮೀಟರ್, ಬೆಳಗ್ಗೆ ಗಾಳಿ ಏಳೋ ಮುಂಚೆ. ಮೊದಲ 10 ಲೆಕ್ಕಕ್ಕಿಲ್ಲ, ಹಿಂದಿನ ತೋಟಾದ ಮೇಣ ಬ್ಯಾರೆಲ್ಲಿಂದ ಹೋಗಲಿ ಅಂತ. ಉಳಿದ 40ರಲ್ಲಿ ಹತ್ತು ಹತ್ತರ ನಾಲ್ಕು ಗ್ರೂಪ್ (ಒಂದೇ ಗುರಿಗೆ ಹೊಡೆದ ಗುಂಡುಗಳ ಗುಂಪು).

ಮೂರು ಗುಂಡಿನ ಗ್ರೂಪ್ ಫೋಟೋ ನಂಬಬೇಡಿ. ಅದೇ ರೈಫಲ್, ಅದೇ ಕೈ, ಹತ್ತು ಗುಂಡಿಗೆ ಸರಾಸರಿ ಗ್ರೂಪ್ 1.6 ಪಟ್ಟು ದೊಡ್ಡದಾಗುತ್ತೆ. ಅಳತೆಗೋಲು ಇದು: ಹತ್ತರ ವೃತ್ತ 10.4, ಗುಂಡಿನ ಅಗಲ 5.6, ಕೂಡಿದ್ರೆ 16. ಹತ್ತು ತೂತಿನ ನಡುಗಳೂ 16 ಮಿ.ಮೀ. ವೃತ್ತವೊಂದರ ಒಳಗಿದ್ರೆ, ಸರಿಯಾಗಿ ಝೀರೋ ಮಾಡಿದ ರೈಫಲ್ ಎಲ್ಲ ಹತ್ತನ್ನೂ ಮುಟ್ಟುತ್ತೆ. ನಾಲ್ಕು ಗ್ರೂಪಿನಲ್ಲಿ ಮೂರು ಹಾಗೆ ಬಂದ ಲಾಟ್ ಸಿಕ್ಕಿದ್ರೆ ಲೈಸೆನ್ಸ್ ಬಿಟ್ಟಷ್ಟೂ ಅದೇ ಸಂಖ್ಯೆ ತಗೊಳ್ಳಿ.

ಹೆಬ್ಬಾಳ_ದೂರಗುರಿ
ಇದಕ್ಕೆ ಒಂದೇ ಮಾತು. 50ರಲ್ಲಿ ಗೆದ್ದ ಲಾಟ್ 200ರಲ್ಲಿ ಸೋಲಬಹುದು. ವೇಗದಲ್ಲಿ ಸೆಕೆಂಡಿಗೆ 3 ಮೀಟರ್ ವ್ಯತ್ಯಾಸ ಬಂದ್ರೆ 50 ಮೀಟರಿನಲ್ಲಿ ಕಾಣೋದೇ ಇಲ್ಲ, 200ರಲ್ಲಿ ಮೂರು ನಾಲ್ಕು ಸೆಂ.ಮೀ. ಮೇಲೆ ಕೆಳಗೆ. ಕ್ಲಬ್ಬಿನಲ್ಲಿ ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯೋ ಸಾಧನ) ಇದ್ರೆ ಅದರ ಮುಂದೆ 20 ಹೊಡೆದು ನೋಡಿ.

ಜಯನಗರ_ಹೊಸಬ
ಕೊನೇದಾಗಿ, ಸ್ವಚ್ಛ ಮಾಡೋದು, ಸಾಗಿಸೋದು. ಮನೆಯಿಂದ ರೇಂಜಿಗೆ ಒಂದೂವರೆ ಗಂಟೆ ಕಾರಿನಲ್ಲಿ.

ಬಸವನಗುಡಿ_ಗುರಿಕಾರ
ಚೇಂಬರ್ ಮುಂದೆ, ಕೇಸ್ ಬಾಯಿ ಮುಗಿಯೋ ಜಾಗದಲ್ಲಿ, ಕೆಲವು ನೂರು ಗುಂಡಿಗೆ ಗಟ್ಟಿ ಇಂಗಾಲದ ಉಂಗುರ ಕಟ್ಟುತ್ತೆ. ಗ್ರೂಪ್ ಕಾರಣವಿಲ್ಲದೆ ಕೆಟ್ಟರೆ ಮೊದಲ ಅನುಮಾನ ಅದರ ಮೇಲೆ. ಬೋರ್ ಗೈಡ್ ಹಾಕಿ, ಚೇಂಬರ್ ಕಡೆಯಿಂದಲೇ, ಕಾರ್ಬನ್ ಸಾಲ್ವೆಂಟ್ ಒದ್ದೆ ಬಟ್ಟೆ ಹಾಯಿಸಿ ಹತ್ತು ನಿಮಿಷ ಬಿಡಿ, ಕಂಚಿನ ಬ್ರಷ್ ನಾಲ್ಕೈದು ಸಲ, ಒಣಬಟ್ಟೆ ಬೆಳ್ಳಗೆ ಬರೋವರೆಗೆ. ಇದಾದ ಮೇಲೆ 10ರಿಂದ 20 ಗುಂಡು ಹೋಗೋ ತನಕ ಝೀರೋ ನಂಬಬೇಡಿ, ಸ್ಪರ್ಧೆಯ ಹಿಂದಿನ ರಾತ್ರಿ ಬ್ಯಾರೆಲ್ ಉಜ್ಜಲೇಬೇಡಿ.

ವಿಜಯನಗರ_ಕಡತ
ಸಾಗಣೆಗೆ: ಬೋಲ್ಟ್ ಬೇರೆ ಚೀಲ, ತೋಟಾ ಬೇರೆ ಬೀಗದ ಡಬ್ಬಿ, ರೈಫಲ್ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಡಿಕ್ಕಿಯಲ್ಲಿ, ಲೈಸೆನ್ಸ್ ಮೂಲಪ್ರತಿ ಕೈಯಲ್ಲಿ. ಮನೆಯಿಂದ ನೇರ ರೇಂಜ್, ರೇಂಜಿನಿಂದ ನೇರ ಮನೆ. ನಡುವೆ ತಿಂಡಿಗೆ ಅಂತ ಕಾರು ಬಿಟ್ಟು ಇಳೀಬೇಡಿ. ಚುನಾವಣೆ ಘೋಷಣೆಯಾದ ದಿನವೇ ಠಾಣೆಗೆ ಹೋಗಿ ಆಯುಧ ಒಪ್ಪಿಸೋ ಠೇವಣಿ ಆದೇಶ ನಿಮಗೆ ಅನ್ವಯ ಆಗುತ್ತಾ ಕೇಳಿ.

ಮಲ್ಲೇಶ್ವರಂ_ಪ್ರೋನ್
ಮನೆಗೆ ಬಂದ ಮೇಲೆ ಆ ಪೆಟ್ಟಿಗೆಯಲ್ಲೇ ಇಡಬೇಡಿ. ಒಳಗಿನ ಸ್ಪಂಜು ಜೂನ್‌ನಿಂದ ಅಕ್ಟೋಬರ್‌ವರೆಗೆ ತೇವ ಹೀರಿ ಬ್ಯಾರೆಲ್ಲಿಗೇ ಒತ್ಕೊಂಡಿರುತ್ತೆ, ಎರಡು ವಾರಕ್ಕೆ ಸ್ಪಂಜು ತಾಗಿದ ಕಡೆಯೆಲ್ಲ ಕಂದು ಚುಕ್ಕೆ. ಎಣ್ಣೆ ಸವರಿದ ಬಟ್ಟೆಯಲ್ಲಿ ಒರೆಸಿ, ಬೀಗದ ಉಕ್ಕಿನ ಕಪಾಟಿನಲ್ಲಿ ನಿಲ್ಲಿಸಿ, ಕೆಳಗೆ ಅರ್ಧ ಕೆ.ಜಿ. ಸಿಲಿಕಾ ಜೆಲ್. ಅದರ ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಇಡಿ, ಆ ಬಾಣಲೆ ಅಡುಗೆಗೆ ಬಳಸಬೇಡಿ.